ಎಣ್ಣೆ ಹಚ್ಚಿದ ತಾಟು

ತಾಟಿಗೆ ಹರಳೆಣ್ಣೆ ಹಚ್ಚುವಾಗ ಅಂಬಾಳ ಬೆರಳುಗಳು ಅಂಚಿನವರೆಗೆ ಹೋಗಿ ಅಲ್ಲೇ ನಿಂತವು. ಎಣ್ಣೆ ತೆಳ್ಳಗಿರಬೇಕು, ಎಲ್ಲಿಯೂ ಹನಿಗೂಡಬಾರದು, ಹನಿಗೂಡಿದರೆ ಬೀಸುವಾಗ ಗೋಡೆಗೆ ಸಿಡಿಯುತ್ತದೆ ಎಂದು ಹೇಳಿಕೊಟ್ಟವರು ಅಕ್ಕನ ಅತ್ತೆ ರಂಗೂಬಾಯಿ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಡಿಗೆಮನೆಯ ಹಿತ್ತಲ ಕಿಟಕಿಯ ಹತ್ತಿರ ನೊರಜುಗಳ ಗುಂಪು ಬಂದು ನಿಲ್ಲುತ್ತಿತ್ತು. ಹಾರುತ್ತಿತ್ತು ಎನ್ನುವುದಕ್ಕಿಂತ ನಿಲ್ಲುತ್ತಿತ್ತು, ಯಾರೋ ಗಾಳಿಗೆ ಎಳ್ಳು ಚೆಲ್ಲಿ ಅದು ಕೆಳಗೆ ಬೀಳುವುದನ್ನು ಮರೆತ ಹಾಗೆ. ಸೊಳ್ಳೆಯಾದರೂ ಕಿವಿಯ ಹತ್ತಿರ ಬಂದು ತಾನು ಬಂದೆನೆಂದು ಹೇಳುತ್ತದೆ. ಇವಕ್ಕೆ ದನಿಯೂ ಇರಲಿಲ್ಲ. ಅಂಬಾ ತಾಟನ್ನು ಆ ಗುಂಪಿನ ನಡುವೆ ಹಾಯಿಸಿದಳು, ತಿರುಗಿಸಿ ಮತ್ತೊಮ್ಮೆ ಹಾಯಿಸಿದಳು. ಗುಂಪು ಎರಡಾಗಿ ಒಡೆದು ತಾಟು ಹೋದ ಮೇಲೆ ಮತ್ತೆ ಕೂಡಿಕೊಂಡಿತು. ದೀಪದ ಬೆಳಕಿಗೆ ಹಿಡಿದರೆ ಹಿತ್ತಾಳೆಯ ಮೇಲೆ ಕಪ್ಪು ಚುಕ್ಕೆಗಳು, ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ಒಳಗಿನಿಂದ ರಂಗೂಬಾಯಿ, ಅಂಬಾನ ಕೈ ಚಲೋ, ನಿನ್ನೆಗಿಂತ ಇವತ್ತು ಕಡಿಮಿ ಆಗ್ಯಾವು ಎಂದರು. ಕಡಿಮೆಯಾಗಿರಲಿಲ್ಲ. ಮುದುಕಿಗೆ ಕಣ್ಣು ಮಂದವಾಗಿತ್ತು, ಹೊಗಳುವುದಕ್ಕೆ ಯಾರಾದರೂ ಬೇಕಾಗಿತ್ತು. ಹೊಗಳಿದಾಗೆಲ್ಲ ಅಂಬಾ ತಾಟನ್ನು ಇನ್ನೊಮ್ಮೆ ಹಾಯಿಸುತ್ತಿದ್ದಳು.

ಮನೆಯವರು ಮಾಡದೆ ಬಿಟ್ಟ ಉಪಾಯ ಇರಲಿಲ್ಲ. ಭಾವ ಮಧುಕರ ಖಡಕಿಯ ಕಾರಖಾನೆಯ ಕಚೇರಿಯಿಂದ ಬರುವಾಗ ಔಷಧ ಹೊಡೆಯುವ ಪಿಚಕಾರಿ ತಂದಿದ್ದ. ಎರಡು ದಿನ ಇಡೀ ಮನೆ ಸೀಮೆಎಣ್ಣೆಯ ವಾಸನೆ ಹೊಡೆಯಿತು, ನೊರಜುಗಳು ಮೂರನೆಯ ದಿನ ಬಂದವು. ಅಕ್ಕ ರಾಧಾಬಾಯಿ ಕೆಂಡದ ಮೇಲೆ ಬೇವಿನ ಸೊಪ್ಪು, ಧೂಪ ಹಾಕಿ ಮೂಲೆಮೂಲೆಗೆ ಹೊಗೆ ಹಿಡಿದಳು. ಮನೆಯವರೇ ಕೆಮ್ಮುತ್ತ ವಾಡೆಯ ಅಂಗಳಕ್ಕೆ ಹೋಗಿ ನಿಂತರು, ಹೊಗೆ ಇಳಿದ ಮೇಲೆ ಒಳಗೆ ಬಂದರೆ ನೊರಜುಗಳು ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಕೂತಿದ್ದವು. ನೊರಜು ಹಿಡಿಯಲೆಂದು ಬೆಲ್ಲದ ನೀರಿನ ಬಟ್ಟಲಿಗೆ ಕಾಗದದ ಕೊಳವೆ ಇಟ್ಟದ್ದೂ ಆಯಿತು, ಅದರಲ್ಲಿ ಬಿದ್ದದ್ದು ಇರುವೆ. ಸದಾಶಿವ ಪೇಠದ ಈ ವಾಡೆಯಲ್ಲಿ ಒಂದೇ ಅಂಗಳದ ಸುತ್ತ ಬಿಡಾರ ಮಾಡಿಕೊಂಡಿದ್ದ ಉಳಿದ ಮರಾಠಿ ಮನೆಯವರು ಇವಕ್ಕೆ ಚಿಲಟ ಎನ್ನುತ್ತಿದ್ದರು. ಮಳೆಗಾಲದಲ್ಲಿ ಚಿಲಟ ಬರದೆ ಇನ್ನೇನು ಬಂದಾವು ಎಂದು ನಗುತ್ತಿದ್ದರು. ಅವರ ಮನೆಗಳಲ್ಲಿ ಇಷ್ಟಿರಲಿಲ್ಲ. ಹಿತ್ತಲಿಗೆ ಕಿಟಕಿ ಇದ್ದದ್ದು ಇವರ ಮನೆಗೆ ಮಾತ್ರ. ಅಕ್ಕನ ಮೂರು ವರ್ಷದ ಮಗಳಿಗೆ ಕಣ್ಣು ಬಂದಿತ್ತು. ಬೆಳಿಗ್ಗೆ ಎದ್ದರೆ ಎರಡೂ ಕಣ್ಣು ಪಿಸುರಿನಿಂದ ಅಂಟಿಕೊಂಡಿರುತ್ತಿದ್ದವು, ಬಿಸಿನೀರಿನಲ್ಲಿ ಅರಿವೆ ಅದ್ದಿ ಅದ್ದಿ ಒರೆಸಿದ ಮೇಲೆ ಒಂದು ಸೀಳು ತೆರೆಯುತ್ತಿತ್ತು. ನೊರಜುಗಳಿಗೆ ಆ ಸೀಳೇ ಬೇಕು. ಕೂಸು ಕೈ ಎತ್ತಿ ಓಡಿಸುವುದನ್ನೂ ಬಿಟ್ಟಿತ್ತು, ಸುಮ್ಮನೆ ಕೂತಿರುತ್ತಿತ್ತು, ಅದನ್ನು ನೋಡುವುದು ಅಳುವುದನ್ನು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಎಲ್ಲಿಂದ ಬರ್ತಾವೋ ಏನೋ ಎಂದು ಎಲ್ಲರೂ ಅನ್ನುತ್ತಿದ್ದರು. ಅಂಬಾಳೂ ಅನ್ನುತ್ತಿದ್ದಳು, ಎಲ್ಲರ ನಂತರ, ಅದೇ ದನಿಯಲ್ಲಿ. ಅವಳಿಗೆ ಗೊತ್ತಿತ್ತು.

ದೇವರ ಮೇಲಿನಿಂದ ಇಳಿಸಿದ ಹೂವು, ತುಳಸಿ, ಗಂಧ ಒರೆಸಿದ ಅರಿವೆ, ಪಂಚಾಮೃತದಲ್ಲಿ ನೆನೆದ ದಳಗಳು, ಇವನ್ನು ಕಸದ ಡಬ್ಬಿಗೆ ಹಾಕುವ ಹಾಗಿಲ್ಲ, ಕಾಲು ಬೀಳುವಲ್ಲಿ ಚೆಲ್ಲುವ ಹಾಗಿಲ್ಲ. ಧಾರವಾಡದಲ್ಲಿ ಅಪ್ಪನ ಮನೆಯ ಹಿಂದೆ ಬಾವಿ ಇತ್ತು, ತುಳಸಿಯ ಬುಡ ಇತ್ತು, ನಿರ್ಮಾಲ್ಯ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ವಿಚಾರ ಮಾಡಿದ್ದಿಲ್ಲ. ಇಲ್ಲಿ ಅದು ದೇವರ ಗೂಡಿನ ಕೆಳಗೆ ಬುಟ್ಟಿಯಲ್ಲಿ ಕೂಡುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ರಂಗೂಬಾಯಿ ಅದನ್ನು ಹಳೆಯ ‘ಕೇಸರಿ’ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಡುತ್ತಿದ್ದರು, ಅಂಬಾ ಅದಕ್ಕೆ ದಾರ ಕಟ್ಟಿ ಮುಠಾ ನದಿಗೆ ಒಯ್ದು ಬಿಡಬೇಕು. ಮೊದಲು ಭಾವ ಸೈಕಲ್ ಮೇಲೆ ಸೇತುವೆ ದಾಟುವಾಗ ಹಾಕಿ ಹೋಗುತ್ತಿದ್ದ. ಅವನಿಗೆ ಕಾರಖಾನೆಯ ಬಸ್ಸು ಶುರುವಾದ ಮೇಲೆ ಆ ಕೆಲಸ ಇವಳ ಪಾಲಿಗೆ ಬಂತು. ಎಷ್ಟು ದೂರ, ಹತ್ತು ಮಿನಿಟಿನ ದಾರಿ, ಮನ್ಯಾಗ ಕೂತು ಕೂತು ಏನು ಮಾಡ್ತೀ, ಗಾಳಿ ತಗೊಂಡು ಬಾ ಎಂದ ಅಕ್ಕನ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಕೂತು ಕೂತು ಎಂಬುದು ಅಂಬಾಳಿಗೆ ಬೇರೆಯಾಗಿ ಕೇಳಿಸಿತ್ತು. ಅಕ್ಕನ ಬಾಣಂತನಕ್ಕೆ ಬಂದವಳು ಮೂರು ವರ್ಷವಾದರೂ ಇಲ್ಲೇ ಇದ್ದಳು. ಹೇಳಿದ ಕೆಲಸ ಮಾಡ್ತದ, ಒಂದು ಮಾತಾಡೂದಿಲ್ಲ ಎಂದು ಭಾವ ಯಾರಿಗೋ ಹೇಳಿದ್ದನ್ನು ಕೇಳಿದ ದಿನ ಅವಳಿಗೆ ಸಮಾಧಾನವಾಗಿತ್ತು. ಇರುವುದಕ್ಕೆ ಒಂದು ಕಾರಣ ಸಿಕ್ಕ ಹಾಗೆ.

ಎರಡನೆಯ ಸಲವೋ ಮೂರನೆಯ ಸಲವೋ, ಓಣಿಯ ತಿರುವಿನ ಸೈಕಲ್ ಅಂಗಡಿಯ ಮುಂದೆ ಪಂಕ್ಚರ್ ತಿದ್ದುತ್ತಿದ್ದವನೊಬ್ಬ ಅವಳ ಕೈಯ ಪೊಟ್ಟಣ ನೋಡಿ ಮರಾಠಿಯಲ್ಲಿ ಏನೋ ಅಂದ. ಅವಳಿಗೆ ಅರ್ಥವಾಗಲಿಲ್ಲ. ದಾರಿ ಕೇಳಿದನೋ, ಯಾರ ಮನೆಯವಳೆಂದು ಕೇಳಿದನೋ ಎಂದು ಅವಳು ಮರ್ಯಾದೆಗೆ ನಕ್ಕಳು. ಅಂಗಡಿಯಲ್ಲಿದ್ದ ಐದಾರು ಮಂದಿ ಒಮ್ಮೆಗೇ ನಕ್ಕರು. ಅವನು ಅಂದದ್ದಕ್ಕಲ್ಲ, ಅವಳು ನಕ್ಕದ್ದಕ್ಕೆ. ಆ ನಗೆ ಅವಳ ಬೆನ್ನಿಗೆ ಬಂದು ತಾಗಿತು. ಸಾಲೆಯ ಎಂಟನೆಯ ಇಯತ್ತೆಯಲ್ಲಿ ಮಾಸ್ತರರು ಪಾಠ ಓದು ಎಂದು ನಿಲ್ಲಿಸಿದಾಗ ಗಂಟಲಿನಿಂದ ದನಿಯೇ ಹೊರಡದೆ ಬಾಯಿ ಮಾತ್ರ ತೆರೆದಿತ್ತು, ಆಗಲೂ ಹಿಂದಿನ ಬೆಂಚಿನಿಂದ ಇಂಥದೇ ನಗೆ. ಮರುದಿನ ಹೊಟ್ಟೆ ನೋಯುತ್ತದೆ ಎಂದಿದ್ದಳು. ನಿಜವಾಗಿಯೂ ನೋಯುತ್ತಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು, ಹೊಟ್ಟೆನೋವಿನ ಹುಡುಗಿಯನ್ನು ಸಾಲೆಗೆ ಯಾಕೆ ಕಳಿಸುವುದು ಎಂದು ಅಪ್ಪ ಹೆಸರು ತೆಗೆಸಿದ. ಸುಳ್ಳು ಹೇಳಿದ್ದೇನೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅನ್ನಿಸದೆ ಇದ್ದದ್ದೇ ಈಗ ಅವಳನ್ನು ಹೆದರಿಸುತ್ತಿತ್ತು.

ಅವತ್ತು ಅವಳು ಅಂಗಡಿ ದಾಟಲಿಲ್ಲ. ಮನೆಗೂ ಹೋಗಲಿಲ್ಲ. ವಾಡೆಯ ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಬಂದು ನೀರಿನ ಹೌದಿಯ ಹತ್ತಿರ ನಿಂತಳು. ಪೇಶವೆಯರ ಕಾಲದ ಹೌದಿ, ನೆಲದೊಳಗೆ ಎರಡಾಳು ಆಳ, ಮೇಲೆ ಕಲ್ಲಿನ ಚಪ್ಪಡಿ. ಚಪ್ಪಡಿಯ ನಡುವೆ ಬಕೀಟು ಇಳಿಯುವಷ್ಟು ದುಂಡನೆಯ ತೂತು. ಕಾತ್ರಜದ ಕೆರೆಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರು ಈ ಹೌದಿಗೆ ಬಂದು, ಇಲ್ಲಿಂದ ಮುಂದಿನದಕ್ಕೆ, ಕಡೆಗೆ ನದಿಗೆ ಹೋಗಿ ಸೇರುತ್ತದೆ ಎಂದು ವಾಡೆಯ ಮಾಲಕ ಅವಧೂತರಾವ್ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದುದನ್ನು ಭಾವ ಮನೆಯಲ್ಲಿ ಹೇಳಿದ್ದ. ಅಂದಮೇಲೆ ಇದೂ ನದಿಯೇ. ಅಂಗಡಿ ದಾಟದೆ ಹೋಗುವ ನದಿ. ದಾರ ಬಿಚ್ಚಿ, ಕಾಗದ ಬಿಡಿಸಿ, ಕಣ್ಣು ಮುಚ್ಚಿ ತೂತಿನಿಂದ ಬಿಟ್ಟಳು. ಕೈ ಮುಗಿದಳು ಕೂಡ. ಕತ್ತಲೆಯ ಒಳಗಿನಿಂದ ಬಹಳ ತಡವಾಗಿ ಒಂದು ಮೆತ್ತನೆಯ ಸದ್ದು ಬಂತು. ಹಾಕಿ ಬಂದ್ಯಾ ಎಂದು ಅಕ್ಕ ಕೇಳಿದಾಗ ಹಾಕಿದೆ ಎಂದಳು. ಅದೂ ಸುಳ್ಳಲ್ಲ. ಶ್ರಾವಣ ಪೂರ್ತಿ, ಭಾದ್ರಪದ ಅರ್ಧ. ಮಂಗಳಗೌರಿಯ ಹೂವು, ಗಣಪತಿಯ ಗರಿಕೆ, ಅವಳೇ ಕಟ್ಟಿದ ಸೇವಂತಿಗೆ ಮಾಲೆಗಳು. ಅವಳು ಮಾಲೆ ಕಟ್ಟುವಾಗ ಕೊನೆಗೆ ಎರಡು ಗಂಟು ಹಾಕಿ ದಾರವನ್ನು ತಿರುವಿ ಒಳಗೆ ಸೇರಿಸುತ್ತಿದ್ದಳು, ತಾಯಿ ಕಲಿಸಿದ ರೀತಿ, ಆ ಗಂಟು ತಾನಾಗಿ ಬಿಚ್ಚುವುದಿಲ್ಲ.

ಇದನ್ನು ತಿಳಿದವಳು ಇನ್ನೊಬ್ಬಳು ಇದ್ದಳು. ಹುಲಿಗೆವ್ವ ಶೋರಾಪುರದ ಕಡೆಯವಳು. ಗಂಡ ಜಟ್ಟೆಪ್ಪ ಡೆಕ್ಕನ್ ಬಡಾವಣೆಯ ಕಡೆ ಕಟ್ಟುತ್ತಿದ್ದ ಮನೆಗಳಿಗೆ ಇಟ್ಟಿಗೆ ಹೊರುತ್ತಿದ್ದ, ಇವಳು ವಾಡೆಯ ನಾಲ್ಕು ಮನೆಗಳ ಭಾಂಡಿ ತಿಕ್ಕುತ್ತಿದ್ದಳು, ಅದಕ್ಕೆ ಬದಲಾಗಿ ಹಿತ್ತಲ ಹಳೆಯ ಕುದುರೆಲಾಯದಲ್ಲಿ ಇರಲು ಅವಧೂತರಾವ್ ಜಾಗ ಕೊಟ್ಟಿದ್ದ. ಹೌದಿಯ ನೀರಲ್ಲಿ ಅವಳು ತಿಕ್ಕಿದ ಪಾತ್ರೆಗಳನ್ನು ರಂಗೂಬಾಯಿ ನಳದ ನೀರಿನಲ್ಲಿ ಮತ್ತೊಮ್ಮೆ ತೊಳೆದು ಒಳಗೆ ಒಯ್ಯುತ್ತಿದ್ದರು. ಹುಲಿಗೆವ್ವ ಅದನ್ನು ನೋಡಿದರೂ ನೋಡದ ಹಾಗೆ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಮನೆಯ ಹೊರಗೆ ಅಂಬಾಳ ಹತ್ತಿರ ಕನ್ನಡದಲ್ಲಿ ಮಾತಾಡುವವಳು ಅವಳೊಬ್ಬಳೇ. ತಿಂಗಳ ಹಿಂದೆ ಒಂದು ಮಧ್ಯಾಹ್ನ ತಿಕ್ಕಿದ ತಾಟುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತ, ತನ್ನಷ್ಟಕ್ಕೆ ಹೇಳಿದ ಹಾಗೆ ಹೇಳಿದಳು.

"ಬಕೀಟಿನಾಗ ಸ್ಯಾವಂತಿಗಿ ಹೂವು ಬಂತ್ರಿ ಸಣ್ಣಕ್ಕಾರ. ದೇವ್ರು ತಳದಾಗ ಅದಾನೇನೋ ಅಂದ್ಕೊಂಡೆ."

ಅಂದು ನಕ್ಕಳು. ಅಂಬಾ ನಗಲಿಲ್ಲ. ತಾಟು ಎಣಿಸಿಕೊಳ್ಳುವವಳ ಹಾಗೆ ತಲೆ ತಗ್ಗಿಸಿದಳು. ಹುಲಿಗೆವ್ವ ಮತ್ತೆ ಆ ಮಾತು ಎತ್ತಲಿಲ್ಲ. ಎತ್ತದೆ ಇದ್ದದ್ದಕ್ಕೆ ಅಂಬಾಳಿಗೆ ಮೊದಲು ಋಣ ಅನ್ನಿಸಿತು, ಆಮೇಲೆ ಹೆದರಿಕೆ, ಕೊನೆಗೆ ಒಂದು ಬಗೆಯ ಸಿಟ್ಟು. ಆಕೆಯ ಬಳೆಯ ಸದ್ದು ಹಿತ್ತಲಲ್ಲಿ ಕೇಳಿಸಿದರೆ ಇವಳು ಕಿಟಕಿ ಬಿಟ್ಟು ಒಳಗೆ ಹೋಗುತ್ತಿದ್ದಳು. ತಾಟು ತುಂಬ ನೊರಜು ಅಂಟಿಸಿ ತಂದು ತಿಕ್ಕಲು ಇಟ್ಟಾಗ ಹುಲಿಗೆವ್ವ ಒಂದು ಗಳಿಗೆ ಅದನ್ನು ನೋಡಿ, ಮೇಲೆ ನೋಡಿ, ಬೂದಿ ತಗೊಂಡು ತಿಕ್ಕುತ್ತಿದ್ದಳು. ಅಷ್ಟೆ.

ಶನಿವಾರ ಕೂಸಿನ ಬಲಗಣ್ಣು ತೆರೆಯಲೇ ಇಲ್ಲ. ಡಾಕ್ಟರು ಕರಿಗುಡ್ಡೆಯ ಹತ್ತಿರ ಗಾಯವಾಗುತ್ತಿದೆ, ಇನ್ನೂ ಬೆಳೆದರೆ ದೃಷ್ಟಿಗೆ ಅಪಾಯ, ಮುಲಾಮು ಎಷ್ಟು ಹಚ್ಚಿದರೇನು, ಮೊದಲು ಆ ಹುಳ ಎಲ್ಲಿ ಹುಟ್ಟುತ್ತವೆ ನೋಡಿ ಎಂದರಂತೆ. ಭಾವ ಆ ಮಾತನ್ನು ಹಾಗೆಯೇ ಅವಧೂತರಾವ್‌ಗೆ ಹೇಳಿದ, ನಾಳೆ ರವಿವಾರ ಹೌದಿಯ ಚಪ್ಪಡಿ ಎತ್ತಿಸುವುದು ಎಂದು ಇಬ್ಬರೂ ಅಂಗಳದಲ್ಲಿ ನಿಂತು ಗೊತ್ತು ಮಾಡಿದರು. ಅಂಬಾ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ, ಕಲ್ಲಿನ ಜೊತೆ ಅಕ್ಕಿಯನ್ನೂ ತೆಗೆದು ಒಗೆಯುತ್ತಿತ್ತು. ಅಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಣ್ಣಿಗೆ ಅರಿವೆ ಒತ್ತುತ್ತಿದ್ದಳು. ಈಗ ಹೇಳಬೇಕು. ಹೇಳಿದರೆ ಏನಾದೀತು, ಬೈದಾರು, ಊರಿಗೆ ಕಳಿಸ್ಯಾರು. ಊರಲ್ಲಿ ಅಪ್ಪನ ಮುಖ, ಹೊಟ್ಟೆನೋವು ಹೋಯಿತೇನು ಎಂದು ಕೇಳುವ ನೆರೆಯವರು. ಅಕ್ಕಾ, ಎಂದಳು. ದನಿ ಬಂತು, ಅವಳಿಗೇ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿ ಬಂತು. ಅಕ್ಕ ತಲೆ ಎತ್ತಿ, ನೀ ಇಲ್ಲದಿದ್ರ ನನಗ ಹುಚ್ಚ ಹಿಡಿತಿತ್ತವಾ, ಆ ತಾಟು ಬೀಸಿ ಬೀಸಿ ನಿನ್ನ ರಟ್ಟಿ ಸೋತಾವು ಎಂದಳು. ಕಣ್ಣಲ್ಲಿ ನೀರಿತ್ತು. ಅಂಬಾ ಬಾಯಿ ತೆರೆದವಳು ಬಿಸಿನೀರು ತರಲೇನು ಎಂದು ಕೇಳಿದಳು.

ರವಿವಾರ ಬೆಳಿಗ್ಗೆ ನಾಲ್ಕು ಆಳುಗಳು ಹಾರೆ ಹಾಕಿ ಚಪ್ಪಡಿ ಸರಿಸಿದರು, ಅವರಲ್ಲಿ ಜಟ್ಟೆಪ್ಪನೂ ಒಬ್ಬ. ಚಪ್ಪಡಿ ಸರಿದ ಕೂಡಲೆ ಒಳಗಿನಿಂದ ಹೊಗೆ ಎದ್ದ ಹಾಗೆ ಎದ್ದಿತು, ಹೊಗೆಯಲ್ಲ, ನೊರಜು. ಎಲ್ಲರೂ ಮುಖಕ್ಕೆ ಅರಿವೆ ಹಿಡಿದು ಹಿಂದೆ ಸರಿದರು. ಆಮೇಲೆ ವಾಸನೆ ಬಂತು. ಅಂಬಾ ಕಿಟಕಿಯಲ್ಲಿ ನಿಂತಿದ್ದಳು. ಅವಧೂತರಾವ್ ಬಗ್ಗಿ ನೋಡಿ, ಆ ಕಾತ್ರಜದ ಕಾಲುವೆ ಮುಚ್ಚಿಯೇ ಹದಿನೇಳು ವರ್ಷವಾಯಿತು, ಪಾನಶೇತದ ಕಟ್ಟೆ ಒಡೆದು ಹೊಳೆ ಬಂದಾಗ ರಾಡಿ ತುಂಬಿ ಹೋಯಿತು, ಇದು ಬರೀ ಮಳೆಯ ನೀರು, ಎಲ್ಲಿಗೂ ಹೋಗುವುದಿಲ್ಲ ಎಂದು ಯಾರಿಗೋ ಹೇಳುತ್ತಿದ್ದ. ಮರಾಠಿಯಲ್ಲಿ ಹೇಳಿದ್ದು. ಒಂದೊಂದು ಶಬ್ದವೂ ಅವಳಿಗೆ ತಿಳಿಯಿತು. ಎಲ್ಲಿಗೂ ಹೋಗುವುದಿಲ್ಲ. ಒಂದೂವರೆ ತಿಂಗಳಿನದೆಲ್ಲ ಅಲ್ಲೇ ಇತ್ತು, ಅವಳು ಊಟ ಮಾಡುವಾಗ, ಕೂಸಿಗೆ ಕಾಗಕ್ಕ ಗುಬ್ಬಕ್ಕನ ಕತೆ ಹೇಳುವಾಗ, ಕಿಟಕಿಯ ಕೆಳಗೆ. ಜಟ್ಟೆಪ್ಪ ಇಳಿದು ಬುಟ್ಟಿಬುಟ್ಟಿಯಾಗಿ ಮೇಲೆ ಕಳಿಸಿದ್ದು ಹೂವಾಗಿರಲಿಲ್ಲ. ಕಪ್ಪಗೆ, ಲೋಳೆಯಾಗಿ, ಹಳಸಿದ ಅನ್ನದ ಹಾಗೆ, ಕೊಳೆತ ಪಲ್ಯದ ಹಾಗೆ ಇತ್ತು. ಮುಸುರೆ, ಎಂದರು ಯಾರೋ. ಎಲ್ಲರಿಗೂ ಅದು ಮುಸುರೆಯಾಗಿಯೇ ಕಾಣಿಸತೊಡಗಿತು. ತಾಟಿನ ಎಂಜಲನ್ನು ಮೋರಿಯ ತನಕ ಒಯ್ಯಲಾರದ ಸೊಕ್ಕಿಗೆ ಇದರೊಳಗೆ ಸುರಿದಿದ್ದಾಳೆ ಎಂದು ಅವಧೂತರಾವ್ ಹುಲಿಗೆವ್ವನ ಕಡೆ ತಿರುಗಿದ. ರಂಗೂಬಾಯಿ ಒಳಗಿನಿಂದಲೇ, ಆಕಿ ಕೈ ಆ ನೀರಿಗೆ ಬಿದ್ದಾಗಿಂದ ನನ್ನ ಮನಸ್ಸು ನೆಟ್ಟಗಿದ್ದಿಲ್ಲ ಎಂದರು.

ಹುಲಿಗೆವ್ವ ರಾಶಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬೆರಳಿನಿಂದ ಆ ಲೋಳೆಯೊಳಗಿನಿಂದ ಏನನ್ನೋ ಎಳೆದಳು. ದಾರ. ಮಾರುದ್ದ, ಕೊಳೆತಿರಲಿಲ್ಲ, ತುದಿಯಲ್ಲಿ ಗಂಟು ಹಾಗೆಯೇ ಇತ್ತು. ಅವಳು ಅದನ್ನು ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತ ಕಿಟಕಿಯ ಕಡೆ ನೋಡಿದಳು. ದುರುಗುಟ್ಟಿ ಅಲ್ಲ. ಬಕೀಟಿನಲ್ಲಿ ಹೂವು ಬಂತೆಂದು ಹೇಳಿದಾಗ ನೋಡಿದ ಹಾಗೆಯೇ.

"ನಾ ಹಾಕಿಲ್ರಿ ಯಪ್ಪಾ" ಎಂದಳು, ಅಷ್ಟೇನೂ ಜೋರಾಗಿ ಅಲ್ಲ. "ಇದೇ ನೀರಾಗ ನನ್ನ ಕೈ ಇರತಾವು. ನಾ ಯಾಕ ಹಾಕಲಿ."

ಭಾವ ಒಳ್ಳೆಯ ಮನುಷ್ಯ. ನೋಡದೆ ಒಬ್ಬರ ಮೇಲೆ ಹೊರಿಸಬಾರದು ಎಂದು ಅವಧೂತರಾವ್‌ಗೆ ಮರಾಠಿಯಲ್ಲಿ ಹೇಳಿದ. ಆಮೇಲೆ ಕಿಟಕಿಯ ಕಡೆ ತಿರುಗಿದ. "ಅಂಬಾ, ನೀ ಇಡೀ ದಿನ ಇಲ್ಲೇ ನಿಂತಿರ್ತಿ. ನಿನ್ನ ಕಣ್ಣಿಗೆ ಬೀಳಲಾರದ್ದು ಏನದ? ನೀ ಏನು ನೋಡೀದಿ, ಹೇಳು."

ಹಿತ್ತಲಲ್ಲಿದ್ದವರೆಲ್ಲ ಅವಳ ಕಡೆ ನೋಡಿದರು. ಇಷ್ಟು ಮಂದಿ ಒಮ್ಮೆಗೇ ಅವಳ ಮುಖ ನೋಡಿದ್ದು ಎಂಟನೆಯ ಇಯತ್ತೆಯ ನಂತರ ಇದೇ ಮೊದಲು. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಈಗ ನಗುತ್ತಾರೆ ಅನ್ನಿಸಿತು. ಒಂದು ನೊರಜು ಅವಳ ಕಣ್ಣಿನ ಮೂಲೆಗೆ ಬಂದು ಕೂತಿತು, ಒದ್ದೆಯಾಗಿ, ತಣ್ಣಗೆ, ಅವಳು ಓಡಿಸಲಿಲ್ಲ. ಯಾರೂ ನಗಲಿಲ್ಲ. ಕಾಯುತ್ತಿದ್ದರು, ಮರ್ಯಾದೆಯಿಂದ ಕಾಯುತ್ತಿದ್ದರು, ಅವಳ ಮಾತಿಗೆ ಬೆಲೆ ಇದ್ದವರ ಹಾಗೆ.

"ಆಕಿ ದಿನಾ ಅಲ್ಲೇ ಕೂತು ಭಾಂಡಿ ತಿಕ್ತಾಳ" ಎಂದಳು ಅಂಬಾ.

ಅಷ್ಟೇ ಹೇಳಿದ್ದು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವಧೂತರಾವ್‌ಗೆ ಭಾವ ಅದನ್ನು ಮರಾಠಿಯಲ್ಲಿ ತಿಳಿಸಿ ಹೇಳಿದ. ಹೇಳುವಾಗ ಅದು ಸ್ವಲ್ಪ ಉದ್ದವಾಯಿತು, ಕೊನೆಯಲ್ಲಿ ಅವನೇ ನಿಟ್ಟುಸಿರು ಬಿಟ್ಟ. ಹುಲಿಗೆವ್ವ ಹೆಬ್ಬೆರಳಿನ ದಾರ ಬಿಚ್ಚಿ ರಾಶಿಯ ಮೇಲೆ ಹಾಕಿ ಎದ್ದಳು. ಜಟ್ಟೆಪ್ಪ ಇನ್ನೂ ಹೌದಿಯೊಳಗೇ ಇದ್ದ. ತನ್ನ ಹೆಂಡತಿಯನ್ನು ಮೇಲೆ ಏನು ಮಾಡಿದರೆಂದು ತಿಳಿಯದೆ, ಬುಟ್ಟಿ ಇಳಿಸ್ರಪಾ ಎಂದು ತಳದಿಂದ ಕೂಗುತ್ತಿದ್ದ.

ಸಂಜೆಯೊಳಗೆ ಲಾಯ ಬಿಡಬೇಕೆಂದು ಆಯಿತು. ಬಾರಾಮತಿಯ ಕಡೆ ಊರಿನವರಿದ್ದಾರೆ, ಕಬ್ಬಿನ ಕೆಲಸ ಸಿಗುತ್ತದೆ ಎಂದು ಜಟ್ಟೆಪ್ಪ ಗಂಟು ಕಟ್ಟಿದ. ಊಟವಾದ ಮೇಲಿನ ಹೊತ್ತು, ಆಳುಗಳು ಹೌದಿಗೆ ಸುಣ್ಣ ಸುರಿದು ಹೋಗಿದ್ದರು. ರಂಗೂಬಾಯಿ ಅಂಬಾಳ ಕೈಗೆ ಪೊಟ್ಟಣ ಕೊಟ್ಟರು, ನಿನ್ನೆಯೇ ಬಿಡಬೇಕಾಗಿತ್ತು, ಗದ್ದಲದಾಗ ಮರತೆ ಎಂದರು. ಅದಕ್ಕೆ ದಾರ ಕಟ್ಟಿಕೊಂಡು ಅವಳು ಹಿಂದಿನ ಬಾಗಿಲಿಗೆ ಬಂದಾಗ ಹುಲಿಗೆವ್ವ ಅಲ್ಲಿದ್ದಳು, ತಿಕ್ಕಿದ ಕೊನೆಯ ಪಾತ್ರೆಗಳನ್ನು ಕಟ್ಟೆಯ ಮೇಲೆ ಬೋರಲು ಹಾಕುತ್ತ. ಎಲ್ಲದರ ಮೇಲೆ ಎಣ್ಣೆಯ ತಾಟು, ಬೂದಿಯಲ್ಲಿ ತಿಕ್ಕಿ ಬಂಗಾರದ ಹಾಗೆ ಮಾಡಿದ್ದಳು. ಅಂಬಾ ಹೊಸ್ತಿಲಲ್ಲೇ ನಿಂತಳು. ಏನಾದರೂ ಅನ್ನಲಿ ಎಂದು ಕಾದಳು. ಬೈದರೆ ಒಳ್ಳೆಯದು. ಬೈದರೆ ತಿರುಗಿ ಒಂದು ಮಾತು ಅನ್ನಬಹುದು. ಹುಲಿಗೆವ್ವ ಕೈ ಒರೆಸಿಕೊಂಡಳು, ಅಂಬಾಳ ಕೈಯ ಪೊಟ್ಟಣ ನೋಡಿದಳು.

"ತರ್ರಿ ಇಲ್ಲಿ. ಹೊಳಿ ದಂಡಿಗುಂಟ ಹೋಗೂದು ನಾವು. ಬಿಟ್ಟು ಹೊಕ್ಕೀನಿ" ಎಂದಳು. ಸೆರಗು ಸಿಕ್ಕಿಸಿಕೊಳ್ಳುತ್ತ, "ನಿಮಗ ಆ ಸೈಕಲ್ ಅಂಗಡಿ ದಾಟಾಕ ಆಗಾಂಗಿಲ್ಲ. ಓಣ್ಯಾಗ ನೋಡೀನಿ, ನಾ ಬಲ್ಲೆ" ಎಂದಳು.

ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದಳು. ಅಂಗೈಯ ಗೆರೆಗಳಲ್ಲಿ ಬೂದಿ ಕೂತಿತ್ತು. ಅಂಬಾ ಹೊಸ್ತಿಲು ದಾಟಿ ಒಂದು ಹೆಜ್ಜೆ ಮುಂದಿಟ್ಟಳು, ಪೊಟ್ಟಣ ಮುಂದೆ ಮಾಡಿದಳು. ಆಗ ಅವಳ ಕೈ, ಅವಳನ್ನು ಕೇಳದೆ, ಮೇಲಕ್ಕೆ ಹೋಯಿತು. ಬೊಗಸೆಗಿಂತ ಒಂದು ಮೊಳ ಮೇಲೆ. ಅಲ್ಲಿಂದ ಬಿಟ್ಟಿತು. ಮಡಿಯಲ್ಲಿದ್ದವರು ಕೊಡುವ ಹಾಗೆ, ರಂಗೂಬಾಯಿ ಹುಲಿಗೆವ್ವನಿಗೆ ತಂಗಳು ಹಾಕುವ ಹಾಗೆ. ಪೊಟ್ಟಣ ಬೊಗಸೆಗೆ ಬಿದ್ದಾಗ ಬಂದ ಸದ್ದು ಅಂಬಾಳಿಗೆ ಗೊತ್ತಿದ್ದ ಸದ್ದೇ, ಮೆತ್ತನೆಯದು. ಹುಲಿಗೆವ್ವ ಅದನ್ನು ಎದೆಗೆ ಹಿಡಿದುಕೊಂಡು, ಬರ್ತೀನ್ರಿ, ಕೂಸಿನ ಕಣ್ಣು ಜ್ವಾಪಾನ ಎಂದು ಹೋದಳು. ಅಂಬಾ ತನ್ನ ಕೈಯನ್ನು ನೋಡಿಕೊಂಡಳು. ಅದು ಇನ್ನೂ ಅಷ್ಟೇ ಎತ್ತರದಲ್ಲಿ ನಿಂತಿತ್ತು.

ಅವತ್ತು ದೀಪ ಹಚ್ಚುವ ಹೊತ್ತಿಗೆ ನೊರಜು ಬರಲಿಲ್ಲ. ಮರುದಿನವೂ ಬರಲಿಲ್ಲ. ಕೂಸು ಬೆಳಿಗ್ಗೆ ತಾನಾಗಿ ಒಂದು ಕಣ್ಣು ತೆರೆದು ಬೆಳಕಿಗೆ ಮುಖ ಸಿಂಡರಿಸಿತು, ಅಕ್ಕ ದೇವರ ಮುಂದೆ ತುಪ್ಪದ ದೀಪ ಇಟ್ಟಳು. ಪೀಡಾ ಹೋತು ನೋಡು, ಎಂದರು ರಂಗೂಬಾಯಿ. ಯಾವುದನ್ನು ಪೀಡೆ ಎಂದರೆಂದು ಅಂಬಾ ಕೇಳಲಿಲ್ಲ. ಆದರೂ ಅವಳು ತಾಟಿಗೆ ಎಣ್ಣೆ ಹಚ್ಚಿ ಕಿಟಕಿಯ ಮುಂದೆ ಬೀಸಿದಳು. ತಾಟು ಖಾಲಿ ಗಾಳಿಯಲ್ಲಿ ಹೋಗಿ ಬಂತು. ಹಿತ್ತಾಳೆಯಲ್ಲಿ ಅವಳ ಮುಖ ಎಣ್ಣೆಯ ಕೆಳಗೆ ಅಗಲವಾಗಿ ಕಾಣುತ್ತಿತ್ತು, ಏನೂ ಅಂಟಿರಲಿಲ್ಲ. ಇನ್ಯಾಕವಾ ಅದು, ಇಡು, ಎಂದು ಅಕ್ಕ ನಕ್ಕಳು. ಮಂಗಳವಾರ ಅನಂತನ ಹುಣ್ಣಿಮೆಯ ಹೂವು ಬಹಳ ಕೂಡಿತ್ತು, ನಾಲ್ಕು ದಿನ ಕಾಯದೆ ಪೊಟ್ಟಣ ಕಟ್ಟಿದರು. ಹೌದಿಯ ತೂತಿಗೆ ಅವಧೂತರಾವ್ ಸಿಮೆಂಟು ಮೆತ್ತಿಸಿದ್ದ.

ಅಂಬಾ ಹೊರಟಳು. ಸೈಕಲ್ ಅಂಗಡಿಯಲ್ಲಿ ಇಬ್ಬರು ಕೂತು ರೇಡಿಯೊ ಬಿಚ್ಚಿ ಏನೋ ಮಾಡುತ್ತಿದ್ದರು, ಅವಳ ಕಡೆ ತಲೆ ಎತ್ತಲಿಲ್ಲ. ಅಂಗಡಿ ದಾಟಲು ಎಂಟೋ ಒಂಬತ್ತೋ ಹೆಜ್ಜೆ. ಅಷ್ಟೇ ಇತ್ತು. ಮುಂದಿನ ದಾರಿಯಲ್ಲಿ ಅವಳು ಮತ್ತೆ ಮತ್ತೆ ಹಿಂದೆ ತಿರುಗಿ ನೋಡಿದಳು, ಯಾರಾದರೂ ನಗುತ್ತಾರೇನೋ, ನಕ್ಕಿದ್ದರೆ ಚೆನ್ನಾಗಿತ್ತು. ಘಾಟಿನ ಮೆಟ್ಟಿಲುಗಳು ಶುರುವಾಗುವಲ್ಲಿ ಕಲ್ಲಿನ ಗೋಡೆಯಲ್ಲಿ ಹಣತೆ ಇಡುವ ಗೂಡುಗಳಿದ್ದವು. ಮೊದಲ ಗೂಡಿನಲ್ಲಿ ಕಾಗದದ ಪೊಟ್ಟಣ ಇತ್ತು. ಕಾಲು ಬೀಳದ ಹಾಗೆ, ದನ ಮುಟ್ಟದ ಹಾಗೆ, ಒಳಗೆ ತಳ್ಳಿ ಇಟ್ಟಿದ್ದರು. ದಾರದ ತುದಿಯಲ್ಲಿ ಎರಡು ಗಂಟು, ತಿರುವಿ ಒಳಗೆ ಸೇರಿಸಿದ್ದು. ಹುಲಿಗೆವ್ವ ಇಲ್ಲಿಯ ತನಕ ಬಂದಿದ್ದಳು. ಇಲ್ಲಿಂದ ಕೆಳಗೆ ಇಳಿಯಬಾರದೆಂದು ಯಾರೋ ಅಂದರೋ, ಯಾರೂ ಅನ್ನದೆ ತಾನಾಗಿಯೇ ಇಳಿಯಲಿಲ್ಲವೋ, ಅಥವಾ ನಿರ್ಮಾಲ್ಯ ಹಾಕುವ ಕೈ ಬೇರೆಯದು ಅನ್ನಿಸಿತೋ. ಇಳಿಯುವವರು ಯಾರಾದರೂ ಬಂದಾರು ಎಂದು ಎಷ್ಟು ಹೊತ್ತು ನಿಂತಿದ್ದಳೋ. ಪೊಟ್ಟಣದ ಮೇಲೆ ಗಾಳಿಯಲ್ಲಿ ನೊರಜುಗಳು ನಿಂತಿದ್ದವು, ಹತ್ತೋ ಹದಿನೈದೋ. ಅಂಬಾ ಮೆಟ್ಟಿಲು ಇಳಿದು ಕೈಯಲ್ಲಿದ್ದದ್ದನ್ನು ನೀರಿಗೆ ಬಿಟ್ಟಳು, ಕೆಂಪು ನೀರು ಅದನ್ನು ಒಮ್ಮೆಗೇ ಎಳೆದುಕೊಂಡು ಹೋಯಿತು. ಹತ್ತಿ ಬಂದು ಗೂಡಿನ ಮುಂದೆ ನಿಂತಳು. ಕೈ ಚಾಚಿದರೆ ಸಿಗುತ್ತಿತ್ತು. ಅವಳು ಕೈ ಚಾಚುವ ಮೊದಲು ಸುತ್ತ ನೋಡಿದಳು, ಯಾರಾದರೂ ನೋಡುತ್ತಿದ್ದಾರೇನೋ ಎಂದು. ಒಬ್ಬ ಮುದುಕ ಧೋತರ ಹಿಂಡುತ್ತಿದ್ದ. ಅವನು ಹೋಗಲಿ ಎಂದು ಕಾದಳು. ಅವನು ಹೋದ. ಅವಳೂ ಬಂದಳು.

ಹಾಕಿ ಬಂದ್ಯಾ, ಎಂದು ಅಕ್ಕ ಕೇಳಿದಳು. ಹಾಕಿದೆ ಎಂದಳು.

ಹೊಸ ಭಾಂಡಿಯವಳು ಸಿಗುವ ತನಕ ನಾಲ್ಕು ದಿನ ನೀನೇ ಎರಡು ಪಾತ್ರೆ ತಿಕ್ಕಿಬಿಡು ಎಂದು ರಂಗೂಬಾಯಿ ಮೆತ್ತಗೆ ಹೇಳಿದರು. ಅಂಬಾ ಬೂದಿಯ ಡಬ್ಬಿ, ನಳದಿಂದ ತುಂಬಿಸಿದ ಬಕೀಟು ಒಯ್ದು ಹಿತ್ತಲ ಮೋಟುಗೋಡೆಯ ಹಿಂದೆ, ಕಲ್ಲಿನ ಮೇಲೆ ಕೂತಳು. ಮೂರು ವರ್ಷದಲ್ಲಿ ಈ ಕಡೆ ಒಮ್ಮೆಯೂ ಬಂದಿರಲಿಲ್ಲ. ಕಿಟಕಿಯಿಂದ ನೋಡಿದರೆ ಹೌದಿಯಾಚೆ ಈ ಗೋಡೆ ಮಾತ್ರ ಕಾಣುತ್ತಿತ್ತು, ಗೋಡೆಯ ಹಿಂದಿನಿಂದ ಬಳೆಯ ಸದ್ದು ಬಂದರೆ ಹುಲಿಗೆವ್ವ ಇದ್ದಾಳೆ, ಬರದಿದ್ದರೆ ಇಲ್ಲ. ಅಷ್ಟೇ ಲೆಕ್ಕ ಹಿಡಿದು ಅವಳು ಹೌದಿಯ ಹತ್ತಿರ ಹೋಗುತ್ತಿದ್ದದ್ದು. ಕಲ್ಲು ಒಬ್ಬ ಹೆಂಗಸು ಕೂತು ಕೂತು ಸವೆದು ತಗ್ಗಾಗಿತ್ತು. ಅಂಬಾ ಆ ತಗ್ಗಿನಲ್ಲಿ ಸರಿಯಾಗಿ ಹಿಡಿಸಿದಳು. ಮೊದಲ ತಾಟು ತಗೊಂಡು ಬಗ್ಗಿದಾಗ ಕಣ್ಣಿನ ಮಟ್ಟಕ್ಕೆ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದು ಸಂದಾಗಿದ್ದು ಕಂಡಿತು. ಸಂದಿನಾಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹೌದಿಯ ಚಪ್ಪಡಿ, ಅದರ ನಡುವೆ ಹೊಸ ಸಿಮೆಂಟಿನ ದುಂಡು, ಅದರ ಪಕ್ಕದಲ್ಲಿ ಅವಳು ನಿಂತು ಕೈ ಮುಗಿಯುತ್ತಿದ್ದ ಜಾಗ. ಆ ಜಾಗದಲ್ಲಿ ನಿಂತವಳ ಮುಖ ಇಲ್ಲಿಂದ ಪೂರ್ತಿಯಾಗಿ ಕಾಣುತ್ತದೆ. ಬಳೆಯ ಸದ್ದು ಆಗಬಾರದೆಂದು ತಿಕ್ಕುವುದನ್ನು ನಿಲ್ಲಿಸಿ ಕೂತರೆ, ಅಲ್ಲಿ ನಿಂತವಳು ಕಣ್ಣು ತೆರೆದು ಹೋಗುವ ತನಕ ಕಾಯಬಹುದು, ಹುಲಿಗೆವ್ವ ಕಾದಿದ್ದ ಹಾಗೆ.

ಅಂಬಾ ಬೂದಿಯ ಕೈಯನ್ನು ತಾಟಿನ ಮೇಲೆ ಹಾಗೆಯೇ ಇಟ್ಟುಕೊಂಡು ಕೂತಳು. ಅವಳ ಬಳೆಗಳು ಸದ್ದು ಮಾಡಲಿಲ್ಲ.